ಜೈನ ಹೆಸರುಗಳ ಮೂಲ ಮತ್ತು ಅರ್ಥ: ತುಮಕೂರು ಸೀಮೆಯ ಹಿನ್ನೆಲೆಯಲ್ಲಿ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಜೈನರ ಹೆಸರುಗಳಲ್ಲಿ ಹೆಚ್ಚಿನವು ಸಂಸ್ಕೃತ ಮೂಲದವು. ಪದ್ಮರಾಜಯ್ಯ, ಧರಣೇಂದ್ರಯ್ಯ, ನೇಮಿರಾಜು, ಅನಂತಪ್ಪ, ಶಾಂತಲಾ ಮುಂತಾದ ಹೆಸರುಗಳು ಕೇಳಿದೊಡನೆ ಹಿಂದೂ ಹೆಸರುಗಳೊಂದಿಗೆ ಬೆರೆತುಹೋಗುತ್ತವೆ. ಹಳೆ ಮೈಸೂರಿನ ಕಡೆ ಮನೆತನದ ಅಡ್ಡಹೆಸರು ಇಟ್ಟುಕೊಳ್ಳುವ ರೂಢಿ ಕಡಿಮೆ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ವ್ಯಕ್ತಿಯ ಹೆಸರು, ಇಷ್ಟೇ. ಆದ್ದರಿಂದ ಧರ್ಮ, ಪರಂಪರೆಗಳ ಗುರುತು ಉಳಿದಿದ್ದರೆ ಅದು ಇಟ್ಟ ಹೆಸರಿನಲ್ಲಿಯೇ ಉಳಿದಿರುತ್ತದೆ.

ಆ ಗುರುತನ್ನು ಓದಲು ಎರಡು ಸಂಗತಿ ತಿಳಿದಿರಬೇಕು. ಮೊದಲನೆಯದು ಮೂಲ ಪದದ ಅರ್ಥ. ಎರಡನೆಯದು ಆ ಪದ ಪ್ರಾಕೃತ ಮತ್ತು ಕನ್ನಡಗಳನ್ನು ಹಾದು ನಮ್ಮ ಮನೆಗೆ ಬಂದ ದಾರಿ. ನಿಘಂಟು ಮೊದಲನೆಯದನ್ನು ಹೇಳುತ್ತದೆ. ಎರಡನೆಯದು ಪುರಾಣ, ಶಾಸನ ಮತ್ತು ಮನೆಮಾತುಗಳಲ್ಲಿದೆ.

ಅಮೃತ: ಒಂದು ಪದ, ಹಲವು ಹೆಸರು

ಕುಣಿಗಲ್ ತಾಲ್ಲೂಕಿನ ಹೋಬಳಿ ಕೇಂದ್ರ ಅಮೃತೂರಿನ ಹೆಸರನ್ನೇ ತೆಗೆದುಕೊಳ್ಳಬಹುದು. ಇಂದಿನ ರೂಪದಲ್ಲಿ ಅದು ಸಂಸ್ಕೃತದ ‘ಅಮೃತ’ ಮತ್ತು ಕನ್ನಡದ ‘ಊರು’ ಸೇರಿದ ಪದ. ‘ಮೃತ’ ಎಂದರೆ ಸತ್ತದ್ದು, ‘ಅಮೃತ’ ಎಂದರೆ ಸಾವಿಲ್ಲದ್ದು. ಹಳಗನ್ನಡದಲ್ಲಿ ಇದರ ತದ್ಭವ ‘ಅಮರ್ದು’.

ಜೈನ ಪರಂಪರೆಯಲ್ಲಿ ಈ ಪದದಿಂದ ಹುಟ್ಟಿದ ಎರಡು ಹೆಸರುಗಳು ಪ್ರಸಿದ್ಧ. ಒಂದು, ಕುಂದಕುಂದರ ‘ಸಮಯಸಾರ’ಕ್ಕೆ ‘ಆತ್ಮಖ್ಯಾತಿ’ ಎಂಬ ವ್ಯಾಖ್ಯಾನ ಬರೆದ ಅಮೃತಚಂದ್ರ ಸೂರಿಗಳದು. ಇನ್ನೊಂದು, ಜನ್ನನ ‘ಯಶೋಧರ ಚರಿತೆ’ಯ (1209) ರಾಣಿ ಅಮೃತಮತಿಯದು. ಅರ್ಥ ನೋಡಿದರೆ ಅಮೃತಮತಿ ಸೊಗಸಾದ ಹೆಸರು. ಆದರೆ ಮಾವುತನಿಗೆ ಒಲಿದು ಗಂಡ ಮತ್ತು ಅತ್ತೆಗೆ ವಿಷವಿಕ್ಕಿದ ಆ ರಾಣಿಯ ಕಥೆ ಗೊತ್ತಿರುವ ಮನೆಯವರು ಮಗಳಿಗೆ ಅದನ್ನು ಇಡಲು ಹಿಂಜರಿಯುತ್ತಾರೆ. ಹೆಸರಿನ ಅರ್ಥ ನಿಘಂಟಿನಲ್ಲಿ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಆದಿಪುರಾಣ ಹೇಳುವ ನಾಮಕರ್ಮ

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ಸಂಸ್ಕೃತ ಆದಿಪುರಾಣವನ್ನು ರಚಿಸಿದರು. ಅದರ 38ನೆಯ ಪರ್ವದಲ್ಲಿ ಗೃಹಸ್ಥರಿಗೆ 53 ಗರ್ಭಾನ್ವಯ ಕ್ರಿಯೆಗಳನ್ನು ಹೇಳಿದೆ. ಏಳನೆಯ ಕ್ರಿಯೆಯೇ ನಾಮಕರ್ಮ. ಮಗು ಹುಟ್ಟಿ 12 ದಿನ ಕಳೆದ ಮೇಲೆ, ಮಗುವಿಗೂ ತಂದೆತಾಯಿಗಳಿಗೂ ಅನುಕೂಲವಾದ ದಿನ ಇದನ್ನು ಮಾಡಬೇಕು.

ಹೆಸರು ಆರಿಸಲು ಅಲ್ಲಿ ಹೇಳಿರುವ ಒಂದು ವಿಧಾನದ ಹೆಸರು ‘ಘಟಪತ್ರ ವಿಧಾನ’. ಜಿನೇಂದ್ರನ 1008 ನಾಮಗಳನ್ನು ಚೀಟಿಗಳಲ್ಲಿ ಬರೆದು ಗಡಿಗೆಯಲ್ಲಿ ಹಾಕಿ, ಅದರಿಂದ ಒಂದನ್ನು ಎತ್ತುವುದು. ಆ 1008 ನಾಮಗಳು ಅದೇ ಪುರಾಣದ 25ನೆಯ ಪರ್ವದಲ್ಲಿ ‘ಜಿನಸಹಸ್ರನಾಮ’ವಾಗಿ ಬಂದಿವೆ. ಈಗ ಅನೇಕ ಮನೆಗಳಲ್ಲಿ ಪಂಚಾಂಗ ನೋಡಿ, ನಕ್ಷತ್ರದ ಪಾದಕ್ಕೆ ಹೊಂದುವ ಅಕ್ಷರ ಹುಡುಕಿ ಹೆಸರಿಡುತ್ತಾರೆ. ಘಟಪತ್ರದಲ್ಲಿ ಅಕ್ಷರದ ಕಟ್ಟು ಇಲ್ಲ. ಯಾವ ಚೀಟಿ ಬಂದರೂ ಅದು ಜಿನನಾಮವೇ.

ಇಲ್ಲಿ ಒಂದು ಗೊಂದಲ ತಪ್ಪಿಸಿಕೊಳ್ಳಬೇಕು. ಕರ್ಮಸಿದ್ಧಾಂತದ ಎಂಟು ಕರ್ಮಗಳಲ್ಲಿಯೂ ‘ನಾಮಕರ್ಮ’ ಎಂಬುದಿದೆ. ಜೀವಕ್ಕೆ ಗತಿ, ಶರೀರ, ಆಕಾರಗಳನ್ನು ಕೊಡುವ ಕರ್ಮ ಅದು. ತೊಟ್ಟಿಲ ಶಾಸ್ತ್ರದ ನಾಮಕರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ.

ತೀರ್ಥಂಕರರಿಂದ ಬಂದ ಹೆಸರುಗಳು

24 ತೀರ್ಥಂಕರರ ಹೆಸರುಗಳೂ ಮಕ್ಕಳಿಗೆ ಒಂದೇ ಪ್ರಮಾಣದಲ್ಲಿ ಬಂದಿಲ್ಲ. ಕುಂಥು, ಅರ, ನಮಿ ಎಂಬ ಹೆಸರುಗಳು ಗೃಹಸ್ಥರಲ್ಲಿ ಅಪರೂಪ. ಆದಿನಾಥ, ಚಂದ್ರಪ್ರಭ, ಅನಂತ, ಶಾಂತಿ, ನೇಮಿ, ಪಾರ್ಶ್ವ, ವರ್ಧಮಾನರ ಹೆಸರುಗಳು ಎಲ್ಲ ಕಡೆ ಕಾಣುತ್ತವೆ. ಇದಕ್ಕೆ ಸುತ್ತಲಿನ ಬಸದಿಗಳ ಮೂಲನಾಯಕರೂ ಒಂದು ಕಾರಣವೆನ್ನಬಹುದು. ತುಮಕೂರಿನ ಹತ್ತಿರ ಪಂಡಿತನಹಳ್ಳಿಯ ಮಂದಾರಗಿರಿಯಲ್ಲಿ ಚಂದ್ರನಾಥ, ಪಾರ್ಶ್ವನಾಥ, ಸುಪಾರ್ಶ್ವನಾಥರ ಬಸದಿಗಳಿವೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿದೆ.

ಮುಖ್ಯ ಹೆಸರುಗಳ ಅರ್ಥ ಹೀಗಿದೆ:

ವೃಷಭ (ಋಷಭ): ಎತ್ತು. ‘ವೃಷ’ ಎಂದರೆ ಧರ್ಮ ಎಂದೂ ಅರ್ಥವಿರುವುದರಿಂದ ಧರ್ಮದಿಂದ ಬೆಳಗುವವನು ಎಂದು ಪುರಾಣ ಬಿಡಿಸುತ್ತದೆ. ಮೊದಲ ತೀರ್ಥಂಕರನಾದ್ದರಿಂದ ಆದಿನಾಥ. ಅದರಿಂದ ಆದಿರಾಜ, ಆದಿರಾಜಯ್ಯ.

ಅಜಿತ: ಯಾರಿಂದಲೂ ಗೆಲ್ಲಲಾಗದವನು.

ಸುಮತಿ: ಒಳ್ಳೆಯ ಬುದ್ಧಿಯುಳ್ಳವನು. ಈಗ ಹೆಣ್ಣುಮಕ್ಕಳ ಹೆಸರಾಗಿಯೇ ಹೆಚ್ಚು ಬಳಕೆ.

ಚಂದ್ರಪ್ರಭ: ಚಂದ್ರನ ಕಾಂತಿಯವನು. ಚಂದ್ರನಾಥ, ಚಂದ್ರರಾಜ, ಚಂದಯ್ಯ, ಚಂದಣ್ಣ.

ಶ್ರೇಯಾಂಸ: ಶ್ರೇಷ್ಠನಾದವನು. ಇದನ್ನು ‘ಶ್ರೇಯಸ್ಸಿನ ಅಂಶ’ ಎಂದು ಬಿಡಿಸುವುದುಂಟು. ಆದರೆ ಮೂಲದಲ್ಲಿ ‘ಅಂಶ’ ಪದವಿಲ್ಲ. ‘ಶ್ರೇಯಸ್’ ಪದಕ್ಕೆ ವಿಭಕ್ತಿ ಸೇರುವಾಗ ಬರುವ ‘ಶ್ರೇಯಾಂಸ್’ ಎಂಬ ರೂಪವೇ ಹೆಸರಾಗಿ ನಿಂತಿದೆ. ಆದ್ದರಿಂದ ಕೊನೆಯ ಅಕ್ಷರ ‘ಸ’, ‘ಶ’ ಅಲ್ಲ.

ಶಾಂತಿ: ಇವರು ಗರ್ಭದಲ್ಲಿದ್ದಾಗ ನಾಡಿನ ಸಾಂಕ್ರಾಮಿಕ ರೋಗ ಶಮನವಾಯಿತೆಂಬ ಕಥೆಯಿದೆ. ಶಾಂತಿರಾಜ, ಶಾಂತರಾಜು, ಶಾಂತಣ್ಣ.

ಮಲ್ಲಿ: ಮಲ್ಲಿಗೆ ಹೂವು. ಮಲ್ಲಿನಾಥ, ಮಲ್ಲಪ್ಪ.

ನೇಮಿ: ಚಕ್ರದ ಅಂಚು. ಪೂರ್ಣ ರೂಪ ಅರಿಷ್ಟನೇಮಿ, ಅಂದರೆ ಚಕ್ರದ ಅಂಚಿಗೆ ಧಕ್ಕೆಯಿಲ್ಲದವನು. ನೇಮಿರಾಜ, ನೇಮಿಚಂದ್ರ, ನೇಮಣ್ಣ.

ಪಾರ್ಶ್ವ: ಪಕ್ಕ, ಮಗ್ಗುಲು. ತಾಯಿ ತನ್ನ ಪಕ್ಕದಲ್ಲಿ ಹಾವು ಹರಿದುಹೋದದ್ದನ್ನು ಕಂಡಳೆಂದು ಶ್ವೇತಾಂಬರ ಗ್ರಂಥಗಳು ಕಾರಣ ಹೇಳುತ್ತವೆ. ಕನ್ನಡದಲ್ಲಿ ಪಾರಿಸ, ಪಾರೀಶ.

ವರ್ಧಮಾನ: ಬೆಳೆಯುತ್ತಿರುವವನು. ವೀರ, ಅತಿವೀರ, ಮಹಾವೀರ, ಸನ್ಮತಿ ಎಂಬ ಇನ್ನೂ ನಾಲ್ಕು ಹೆಸರುಗಳಿವೆ. ಸನ್ಮತಿಕುಮಾರ ಎಂಬ ಹೆಸರು ಬಂದದ್ದು ಇಲ್ಲಿಂದ.

ಬಾಹುಬಲಿ, ಯಕ್ಷ, ಯಕ್ಷಿಯರ ಹೆಸರುಗಳು

ಬಾಹುಬಲಿ ತೀರ್ಥಂಕರನಲ್ಲ. ಆದರೂ 981ರಲ್ಲಿ ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿ ಎದ್ದು ನಿಂತ ನಾಡಿನಲ್ಲಿ ಆ ಹೆಸರಿಗೆ ವಿಶೇಷ ಸ್ಥಾನವಿದೆ. ಬಾಹು, ಭುಜ, ದೋಸ್ ಈ ಮೂರೂ ಸಂಸ್ಕೃತದಲ್ಲಿ ತೋಳಿನ ಹೆಸರುಗಳು. ಹಾಗಾಗಿ ಬಾಹುಬಲಿ, ಭುಜಬಲಿ, ದೋರ್ಬಲಿ ಮೂರಕ್ಕೂ ಅರ್ಥ ಒಂದೇ: ತೋಳ್ಬಲವುಳ್ಳವನು. ಕರ್ನಾಟಕದ ಜೈನರಲ್ಲಿ ಮೂರೂ ಬಳಕೆಯಲ್ಲಿವೆ. ಮೂಡುಬಿದಿರೆಯ ತಾಡಪತ್ರ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿದ ವಿದ್ವಾಂಸರು ಕೆ. ಭುಜಬಲಿ ಶಾಸ್ತ್ರಿ. ‘ದೋರ್ಬಲಿ’ ಕಿವಿಗೆ ಅಪರಿಚಿತವಾಗಿರುವುದರಿಂದ ಅದನ್ನು ಬೇರೆ ಹೆಸರೆಂದು ತಿಳಿಯುವವರಿದ್ದಾರೆ.

‘ಗೊಮ್ಮಟ’ ಪದದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಾಹುಬಲಿ ಕಾಮದೇವನಾದ್ದರಿಂದ ‘ಮನ್ಮಥ’ ಪದವೇ ರೂಪಾಂತರ ಹೊಂದಿ ಗೊಮ್ಮಟವಾಯಿತೆಂದು ಎಂ. ಗೋವಿಂದ ಪೈ ವಾದಿಸಿದರು. ಗೊಮ್ಮಟ ಎಂಬುದು ಚಾವುಂಡರಾಯನ ಸ್ವಂತ ಹೆಸರು, ಅವನ ದೇವರಾದ್ದರಿಂದ ಮೂರ್ತಿಗೆ ಗೊಮ್ಮಟೇಶ್ವರ ಎಂಬ ಹೆಸರು ಬಂತು ಎಂದು ಆ. ನೇ. ಉಪಾಧ್ಯೆ ಅಭಿಪ್ರಾಯಪಟ್ಟರು. ಗುಮ್ಮಟಯ್ಯ, ಗುಮ್ಮಣ್ಣ ಎಂಬ ಹಳೆಯ ಹೆಸರುಗಳು ಈ ಪದದಿಂದ ಬಂದವು.

ಪಾರ್ಶ್ವನಾಥರ ಯಕ್ಷ ಧರಣೇಂದ್ರ, ಯಕ್ಷಿ ಪದ್ಮಾವತಿ. ಇವರಿಂದ ಧರಣೇಂದ್ರಯ್ಯ, ಧರಣಪ್ಪ, ಪದ್ಮಾವತಮ್ಮ. ಚಂದ್ರಪ್ರಭರ ಯಕ್ಷಿ ಜ್ವಾಲಾಮಾಲಿನಿ. ಜ್ವಾಲನಯ್ಯ ಎಂಬ ಗಂಡು ಹೆಸರು ಈ ಯಕ್ಷಿಯ ಭಕ್ತಿಯನ್ನು ಸೂಚಿಸುತ್ತದೆ. ಅದು ಬೇರೆ ಸಮುದಾಯಗಳಲ್ಲಿ ಕಾಣುವುದು ವಿರಳ. ಬ್ರಹ್ಮಯಕ್ಷನಿಂದ ಬ್ರಹ್ಮಪ್ಪ, ಬ್ರಹ್ಮದೇವಯ್ಯ, ಬೊಮ್ಮಣ್ಣ. ಕುಣಿಗಲ್ ತಾಲ್ಲೂಕಿನ ಪಕ್ಕದ ನಾಗಮಂಗಲ ತಾಲ್ಲೂಕಿನಲ್ಲಿರುವ ಕಂಬದಹಳ್ಳಿಗೆ ಆ ಹೆಸರು ಬಂದದ್ದೂ ಅಲ್ಲಿನ ಬ್ರಹ್ಮದೇವರ ಕಂಬದಿಂದ.

ತದ್ಭವಗಳು: ಸಂಸ್ಕೃತ ಕನ್ನಡವಾದ ಬಗೆ

ಹಳೆಯ ಹೆಸರುಗಳನ್ನು ಗುರುತಿಸಲು ಕೆಲವು ತದ್ಭವಗಳು ತಿಳಿದಿದ್ದರೆ ಸಾಕು. ರತ್ನ – ರನ್ನ. ಯಕ್ಷ – ಜಕ್ಕ. ಬ್ರಹ್ಮ – ಬೊಮ್ಮ. ಲಕ್ಷ್ಮಿ – ಲಕ್ಕಿ. ಪದ್ಮ – ಪದುಮ. ಚಾಮುಂಡ – ಚಾವುಂಡ. ವೀರ – ಬೀರ. ಶ್ರೀ – ಸಿರಿ. ವಸತಿ – ಬಸದಿ.

‘ಅಜಿತಪುರಾಣ’ (993) ಬರೆದ ಕವಿಯ ಹೆಸರು ರನ್ನ, ಅಂದರೆ ರತ್ನ. ಅವನ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಅಣ್ಣಂದಿರು ದೃಢಬಾಹು, ರೇಚಣ, ಮಾರಯ್ಯ. ಮುಧೋಳದ ಒಂದೇ ಬಳೆಗಾರರ ಮನೆಯಲ್ಲಿ ಅಚ್ಚ ಸಂಸ್ಕೃತದ ಹೆಸರೂ ಇದೆ, ತದ್ಭವವೂ ಇದೆ, ಕನ್ನಡದ ‘ಅಬ್ಬೆ’, ‘ಅಯ್ಯ’ಗಳೂ ಇವೆ. ಉಪಕಾರ ಸ್ಮರಣೆಗೆ ಹೆಸರಿಡುವುದಕ್ಕೂ ರನ್ನನೇ ಉದಾಹರಣೆ. ತನಗೆ ಆಶ್ರಯ ಕೊಟ್ಟ ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆಯರ ನೆನಪಿಗೆ ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ.

10ನೆಯ ಶತಮಾನದ ಆರಂಭದಲ್ಲಿ ನಾಗರಖಂಡವನ್ನು ಆಳಿದ ಜೈನ ಮಹಿಳೆ ಜಕ್ಕಿಯಬ್ಬೆ. ‘ಜಕ್ಕಿ’ ಎಂದರೆ ಯಕ್ಷಿ. ತುಮಕೂರಿನ ಪಕ್ಕದ ಕೈದಾಳದ ಐತಿಹ್ಯದಲ್ಲಿ ಬರುವ ಶಿಲ್ಪಿ ಜಕಣಾಚಾರಿಯ ಹೆಸರಿನಲ್ಲಿಯೂ ಇದೇ ‘ಜಕ್ಕ’ ಪದ ಇಣುಕುತ್ತದೆ.

ಎಲ್ಲಕ್ಕಿಂತ ಗಮನಾರ್ಹವಾದ ತದ್ಭವ ‘ಬಸವ’. ಅದು ‘ವೃಷಭ’ ಪದದ ಕನ್ನಡ ರೂಪ. ಮೊದಲ ತೀರ್ಥಂಕರನ ಹೆಸರೂ ಶರಣ ಬಸವಣ್ಣನವರ ಹೆಸರೂ ಒಂದೇ ಸಂಸ್ಕೃತ ಪದದಿಂದ ಬಂದವು. ಒಂದು ತತ್ಸಮವಾಗಿ ಉಳಿಯಿತು, ಇನ್ನೊಂದು ತದ್ಭವವಾಗಿ ಬೆಳೆಯಿತು. ಪದ ಒಂದೇ ಆದರೂ ಅದರ ಹಿಂದಿನ ಭಕ್ತಿ ಬೇರೆ.

ಹೆಣ್ಣುಮಕ್ಕಳ ಹೆಸರುಗಳು

ಹೆಣ್ಣುಮಕ್ಕಳಿಗೆ ಯಕ್ಷಿಯರ, ಜಿನಮಾತೆಯರ ಮತ್ತು ಪುರಾಣದ ಸತಿಯರ ಹೆಸರುಗಳು ಬಂದಿವೆ. ಮಹಾವೀರರ ತಾಯಿ ತ್ರಿಶಲೆಗೆ ಪ್ರಿಯಕಾರಿಣಿ ಎಂಬ ಹೆಸರೂ ಇದೆ, ಅಂದರೆ ಪ್ರಿಯವಾದದ್ದನ್ನು ಮಾಡುವವಳು. ನೇಮಿನಾಥರು ವಿರಕ್ತರಾದಾಗ ತಾನೂ ದೀಕ್ಷೆ ಪಡೆದ ರಾಜೀಮತಿಯ ಹೆಸರು ರಾಜಮತಿ ಎಂಬ ರೂಪದಲ್ಲಿ ಮನೆಮಾತಾಗಿದೆ. ವೃಷಭದೇವನು ಮಗಳು ಬ್ರಾಹ್ಮಿಗೆ ಅಕ್ಷರಗಳನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದನೆಂದು ಆದಿಪುರಾಣ ಹೇಳುತ್ತದೆ. ಬ್ರಾಹ್ಮಿ ಎಂದು ಹೆಸರಿಡುವವರು ಲಿಪಿಯ ಹೆಸರಿನೊಂದಿಗೆ ಈ ಕಥೆಯನ್ನೂ ಮಗಳಿಗೆ ಕೊಟ್ಟಂತಾಗುತ್ತದೆ.

ಶಾಸನಗಳಲ್ಲಿ ಹೆಣ್ಣು ಹೆಸರುಗಳು ‘ಅಬ್ಬೆ’, ‘ಅಕ್ಕ’, ‘ಅಲೆ’ ಎಂದು ಮುಗಿಯುತ್ತವೆ. ಹೊಯ್ಸಳ ದಂಡನಾಯಕ ಗಂಗರಾಜನ ಹೆಂಡತಿ ಲಕ್ಷ್ಮಿಯನ್ನು ಲಕ್ಕಲೆ ಎಂದೂ ಕರೆದಿದೆ. 1181ರಲ್ಲಿ ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು ಕಟ್ಟಿಸಿದ ಆಚಿಯಕ್ಕನಿಗೆ ಆಚಲದೇವಿ ಎಂಬ ರೂಪವೂ ಇದೆ. ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರಿನ ಬುಡದಲ್ಲಿ ‘ಶಾಂತ’ ಪದವಿದೆ. ಅವಳು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನೇ ಪ್ರತಿಷ್ಠಾಪಿಸಿದಳು. 1131ರಲ್ಲಿ ಅವಳು ತೀರಿಕೊಂಡದ್ದು ತುಮಕೂರಿಗೆ ಸಮೀಪದ ಶಿವಗಂಗೆಯಲ್ಲಿ. ತಾಯಿ ಮಾಚಿಕಬ್ಬೆ ಜೈನಳು, ತಂದೆ ಮಾರಸಿಂಗಯ್ಯ ಶೈವ.

ಎರಡೂ ಕಡೆ ಇರುವ ಹೆಸರುಗಳು

ರಾಮ, ಕೃಷ್ಣ, ಲಕ್ಷ್ಮಣ, ಭರತ ಎಂಬ ಹೆಸರುಗಳು ಜೈನರಲ್ಲಿದ್ದರೆ ಅವು ಹೊರಗಿನಿಂದ ಬಂದವೆಂದು ಹಲವರು ತಿಳಿಯುತ್ತಾರೆ. ಆದರೆ ಜೈನ ಪುರಾಣಗಳಲ್ಲಿ ರಾಮ ಮತ್ತು ಕೃಷ್ಣ ಇಬ್ಬರೂ 63 ಶಲಾಕಾಪುರುಷರಲ್ಲಿ ಸೇರಿದವರು. ಕೃಷ್ಣನು ನೇಮಿನಾಥರ ದಾಯಾದಿ. ಭರತನೆಂದರೆ ಇಲ್ಲಿ ಮೊದಲಿಗೆ ನೆನಪಾಗುವವನು ವೃಷಭದೇವನ ಹಿರಿಯ ಮಗ, ಪ್ರಥಮ ಚಕ್ರವರ್ತಿ. ವಿಮಲಸೂರಿಯ ಪ್ರಾಕೃತ ರಾಮಾಯಣ ‘ಪಉಮಚರಿಯ’ದಲ್ಲಿ ರಾಮನ ಹೆಸರೇ ಪದ್ಮ. ಹಾಗಾಗಿ ಪದ್ಮರಾಜ ಎಂಬ ಒಂದು ಹೆಸರಿನ ಹಿಂದೆ ತೀರ್ಥಂಕರ ಪದ್ಮಪ್ರಭ, ಯಕ್ಷಿ ಪದ್ಮಾವತಿ, ಬಲಭದ್ರ ರಾಮ ಈ ಮೂವರಲ್ಲಿ ಯಾರಾದರೂ ಇರಬಹುದು. ಯಾರೆಂಬುದನ್ನು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ.

ಶಂಭು, ಸ್ವಯಂಭು ಎಂಬ ಹೆಸರುಗಳು ಜಿನಸಹಸ್ರನಾಮದಲ್ಲಿಯೂ ಇವೆ. ಮಲ್ಲಪ್ಪ ಎಂಬ ಹೆಸರು ಜೈನರಲ್ಲಿ ಮಲ್ಲಿನಾಥನಿಂದ, ಶೈವರಲ್ಲಿ ಮಲ್ಲಿಕಾರ್ಜುನನಿಂದ ಬಂದಿರುತ್ತದೆ. ಹೆಸರನ್ನಷ್ಟೇ ನೋಡಿ ಒಬ್ಬರ ಧರ್ಮವನ್ನು ತೀರ್ಮಾನಿಸುವುದು ಈ ಸೀಮೆಯಲ್ಲಿ ಎಷ್ಟೋ ಸಲ ತಪ್ಪಾಗುತ್ತದೆ.

ದೀಕ್ಷೆಯಲ್ಲಿ ಮತ್ತು ಪಟ್ಟದಲ್ಲಿ ಬದಲಾಗುವ ಹೆಸರು

ದೀಕ್ಷೆಯೊಂದಿಗೆ ಮನೆಯ ಹೆಸರು ಬಿಟ್ಟುಹೋಗುತ್ತದೆ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಸಾತಗೌಡರು ಆಚಾರ್ಯ ಶಾಂತಿಸಾಗರರಾದರು. 1946ರಲ್ಲಿ ಸದಲಗಾದಲ್ಲಿ ಹುಟ್ಟಿದ ವಿದ್ಯಾಧರ ಆಚಾರ್ಯ ವಿದ್ಯಾಸಾಗರರಾದರು. ಮುಂದೆ ಅವರ ತಂದೆ ಮಲ್ಲಪ್ಪನವರು ಮುನಿ ಮಲ್ಲಿಸಾಗರರೂ ತಾಯಿ ಶ್ರೀಮಂತಿಯವರು ಆರ್ಯಿಕಾ ಸಮಯಮತಿಯವರೂ ಆದರು. ಹಳೆಯ ಹೆಸರಿನ ಒಂದು ತುಣುಕು ಹೊಸ ಹೆಸರಿನಲ್ಲಿ ಉಳಿಯುವುದುಂಟು. ವಿದ್ಯಾ, ಮಲ್ಲಿ ಎಂಬಲ್ಲಿ ಅದನ್ನು ಕಾಣಬಹುದು. ಆರ್ಯಿಕೆಯರ ಹೆಸರು ಸಾಮಾನ್ಯವಾಗಿ ‘ಮತಿ’ ಎಂದು ಮುಗಿಯುತ್ತದೆ.

ಭಟ್ಟಾರಕ ಪೀಠಗಳಲ್ಲಿ ಹೆಸರು ಪೀಠಕ್ಕೆ ಸೇರಿದ್ದು. ಶ್ರವಣಬೆಳಗೊಳ ಮತ್ತು ಮೂಡುಬಿದಿರೆಯಲ್ಲಿ ಚಾರುಕೀರ್ತಿ, ಕಾರ್ಕಳದಲ್ಲಿ ಲಲಿತಕೀರ್ತಿ, ಹೊಂಬುಜದಲ್ಲಿ ದೇವೇಂದ್ರಕೀರ್ತಿ, ನರಸಿಂಹರಾಜಪುರದಲ್ಲಿ ಲಕ್ಷ್ಮೀಸೇನ. ಶಾಸನ ಓದುವಾಗ ಇದು ನೆನಪಿರಬೇಕು. ಬೇರೆ ಬೇರೆ ಕಾಲದ ಚಾರುಕೀರ್ತಿಗಳನ್ನು ಒಬ್ಬರೇ ಎಂದು ಎಣಿಸಬಾರದು.

ದಾಖಲೆಗಳಲ್ಲಿ ಹೆಸರು

ಹಳೆ ಮೈಸೂರಿನ ಕ್ರಮಕ್ಕೆ ಪ್ರಸಿದ್ಧ ಉದಾಹರಣೆ ಹಂಪನಾ: ಹಂಪಸಂದ್ರ ಊರು, ಪದ್ಮನಾಭಯ್ಯ ತಂದೆ, ನಾಗರಾಜಯ್ಯ ಹೆಸರು. ಉಪಾಧ್ಯೆಯವರದು ಬೆಳಗಾವಿ ಕಡೆಯ ಕ್ರಮ: ಆದಿನಾಥ ಹೆಸರು, ನೇಮಿನಾಥ ತಂದೆ, ಉಪಾಧ್ಯೆ ಮನೆತನ.

ತೊಡಕು ಹುಟ್ಟುವುದು ಕರೆಯುವ ಹೆಸರಿಗೂ ಬರೆಯುವ ಹೆಸರಿಗೂ ವ್ಯತ್ಯಾಸವಾದಾಗ. ಅಜ್ಜನ ಹೆಸರು ಪಹಣಿಯಲ್ಲಿ ಪದ್ಮಯ್ಯ, ಶಾಲೆಯ ದಾಖಲೆಯಲ್ಲಿ ಪದ್ಮರಾಜಯ್ಯ, ಬಸದಿಯ ದಾನಿಗಳ ಕಲ್ಲಿನಲ್ಲಿ ಪದುಮಣ್ಣ ಎಂದಿದ್ದರೆ ಮೊಮ್ಮಕ್ಕಳಿಗೆ ಮೂವರೂ ಒಬ್ಬರೇ ಎಂದು ತಿಳಿಯುವುದಿಲ್ಲ. ವಂಶವೃಕ್ಷ ಮಾಡಿಸುವಾಗ, ಪೌತಿ ಖಾತೆಗೆ ಅರ್ಜಿ ಕೊಡುವಾಗ ಇದು ಬರಿಯ ಭಾಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮನೆಯ ಹಿರಿಯರು ಇರುವಾಗಲೇ ಪೂರ್ಣ ಹೆಸರು, ಕರೆಯುತ್ತಿದ್ದ ಹೆಸರು, ಊರು ಇವನ್ನು ಒಂದು ಪುಸ್ತಕದಲ್ಲಿ ಜೋಡಿಸಿ ಬರೆದಿಟ್ಟರೆ ಮುಂದಿನವರಿಗೆ ದೊಡ್ಡ ಉಪಕಾರ.

ಈ ಸೀಮೆಯ ಹಳೆಯ ಹೆಸರುಗಳನ್ನು ಹುಡುಕುವವರಿಗೆ ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಿದೆ (1904). ಅದು ತುಮಕೂರು ಜಿಲ್ಲೆಯ ಶಾಸನಗಳದು. ಶ್ರವಣಬೆಳಗೊಳದ ಶಾಸನಗಳು ಎರಡನೆಯ ಸಂಪುಟದಲ್ಲಿವೆ.

ಹೆಸರಿಡುವವರು ಗಮನಿಸಬೇಕಾದದ್ದು

ಮೊಬೈಲಿನಲ್ಲಿ ಸಿಗುವ ಹೆಸರಿನ ಪಟ್ಟಿಗಳಲ್ಲಿ ಅರ್ಥವಿಲ್ಲದ ಪದಕ್ಕೂ ‘ಸಂಸ್ಕೃತದಲ್ಲಿ ದೇವರ ಬೆಳಕು’ ಎಂಬಂಥ ಅರ್ಥ ಬರೆದಿರುತ್ತದೆ. ಆ ಪದ ನಿಘಂಟಿನಲ್ಲಿ ಇದೆಯೇ, ಪುರಾಣದಲ್ಲಿ ಯಾರ ಹೆಸರು ಎಂದು ನೋಡಿಕೊಳ್ಳುವುದು ಒಳ್ಳೆಯದು. ಅರ್ಥ ಒಳ್ಳೆಯದಿದ್ದು ಕಥೆ ಬೇರೆ ಇರಬಹುದು, ಅಮೃತಮತಿಯ ಹಾಗೆ.

ಕಾಗುಣಿತವನ್ನು ಮೊದಲೇ ನಿಶ್ಚಯಿಸಬೇಕು. ‘ಪಾರ್ಶ್ವ’ ಎಂಬುದನ್ನು ‘ಪಾಶ್ರ್ವ’ ಎಂದು ಬರೆಯುವುದು, ‘ಶ್ರೇಯಾಂಸ’ದ ಕೊನೆಯಲ್ಲಿ ‘ಶ’ ಹಾಕುವುದು ಮೇಲಿಂದ ಮೇಲೆ ಕಾಣುವ ತಪ್ಪುಗಳು. ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ 15 ವರ್ಷದವರೆಗೆ ತಡ ಶುಲ್ಕ ಕೊಟ್ಟು ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಹಲವು ಕೆಲಸಗಳಿಗೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಬರೆದ ಅಕ್ಷರವೇ ಮುಂದೆ ನಿಲ್ಲುತ್ತದೆ.

ಅಜ್ಜಿಯ ಕಾಲದ ಜ್ವಾಲನಯ್ಯ, ಗುಮ್ಮಣ್ಣ, ಪಾರಿಸ ಎಂಬ ಹೆಸರುಗಳನ್ನು ಹಾಗೆಯೇ ಇಡಲು ಮನಸ್ಸಾಗದಿದ್ದರೆ ಅವುಗಳ ಮೂಲವನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲ. ಪಾರಿಸನ ಮೊಮ್ಮಗ ಪಾರ್ಶ್ವ ಆಗಬಹುದು, ಚಂದಯ್ಯನ ಮೊಮ್ಮಗಳು ಚಂದ್ರಪ್ರಭಾ ಆಗಬಹುದು. ಅಜ್ಜನ ಹೆಸರೂ ಮೊಮ್ಮಗುವಿನ ಹೆಸರೂ ಒಂದೇ ಎಂದು ಮನೆಯಲ್ಲಿ ಒಬ್ಬರಾದರೂ ಹೇಳಿಕೊಡುವಂತಿರಬೇಕು.